ಮೂರೂರು ನೋಡಿದ ಕುಣಿತ

ಬಾಗಿಲು ಬಡಿದ ಸದ್ದಿಗೆ ರಿಯಾಜ್ ಎದ್ದು ಕುಳಿತ. ಮತ್ತೆ ಬಡಿಯಿತು. ತರೀಕೆರೆಯ ಆ ಗಲ್ಲಿಯಲ್ಲಿ ರಾತ್ರಿ ಹೊತ್ತು ಬಾಗಿಲು ಬಡಿಯುವುದು ಹೆರಿಗೆಗೆ ಇಲ್ಲವೇ ಸಾವಿಗೆ, ಮೂರನೆಯ ಕಾರಣ ಅಲ್ಲಿ ಯಾರಿಗೂ ಗೊತ್ತಿಲ್ಲ. ಚಿಲಕ ತೆಗೆದರೆ ಹೊಸ್ತಿಲಾಚೆ ಈರಣ್ಣ ನಿಂತಿದ್ದ. ತಲೆಯ ಹೆಲ್ಮೆಟ್ ಕಳಚಿರಲಿಲ್ಲ. ಹಿಂದೆ ಬೈಕು ಗುಡುಗುತ್ತಲೇ ಇತ್ತು.

"ನಿಮ್ಮನೇಲಿ ಟೀವಿ ಹಾಕವ್ರಾ?"

"ಇಲ್ಲ. ಯಾಕಣ್ಣ?"

"ಹಾಕ್ಬೇಡ. ಹಾಕಕ್ಕೂ ಬಿಡ್ಬೇಡ. ಅಂಗಿ ಹಾಕ್ಕೊಂಡು ಹತ್ತು ಬೈಕು."

"ಏನಾಯ್ತು ಅಂತಾದ್ರೂ ಹೇಳು."

"ಬಾಯಲ್ಲಿ ಹೇಳೋ ಅಂಥದ್ದಲ್ಲ ಕಣೋ. ಕಣ್ಣಲ್ಲೇ ನೋಡ್ಬೇಕು."

ಅಜ್ಜಂಪುರದವರೆಗೆ ಈರಣ್ಣ ತುಟಿ ಬಿಚ್ಚಲಿಲ್ಲ. ಬೆನ್ನು ಮಾತ್ರ ಆಗಾಗ ಕುಲುಕುತ್ತಿತ್ತು. ಮುಂದೆ ಕೂತವನು ಅಳುತ್ತಿದ್ದಾನೋ ನಗುತ್ತಿದ್ದಾನೋ, ಹಿಂದೆ ಕೂತವನಿಗೆ ತಿಳಿಯಲಿಲ್ಲ.

ಬೈಕು ನಿಂತದ್ದು ಈರುಳ್ಳಿ ಮಂಡಿಯ ಮುಂದೆ. ಅದರ ಮಹಡಿಯ ಮೇಲಿದ್ದುದು 'ಮೂರೂರು ವಾಹಿನಿ' ಎಂಬ ಕೇಬಲ್ ಚಾನೆಲ್. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂರುಗಳಲ್ಲಿ ಯಾರು ತೀರಿಕೊಂಡರು, ಯಾರ ಮದುವೆ ಎಲ್ಲಿ, ಯಾರ ಎಮ್ಮೆ ಕಳೆದಿದೆ ಎಂಬ ಸುದ್ದಿಗೆಲ್ಲ ಅದೇ ದಿಕ್ಕು. ಚಾನೆಲ್ಲಿನ ಒಡತಿ, ಸಂಪಾದಕಿ, ವಾರ್ತಾವಾಚಕಿ ಮೂರೂ ಮಲ್ಲಿಕಾಂಬ ಒಬ್ಬರೇ. ಕ್ಯಾಮೆರಾ ಹಿಡಿಯುವವನೂ ಕಂಬ ಹತ್ತುವವನೂ ಈರಣ್ಣ. ಕಾರ್ಯಕ್ರಮಗಳನ್ನೆಲ್ಲ ತುಂಬಿಟ್ಟುಕೊಂಡು ಹೊತ್ತುಹೊತ್ತಿಗೆ ಬಿತ್ತರಿಸುವ ಸರ್ವರ್ ಎಂಬ ಕರಿ ಪೆಟ್ಟಿಗೆಯನ್ನು ನೋಡಿಕೊಳ್ಳುವವನು ರಿಯಾಜ್.

ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟ ರಿಯಾಜ್ ಗೋಡೆಯ ಟೀವಿ ನೋಡಿದ. ಟೀವಿಯೊಳಗಿಂದ ರಿಯಾಜ್ ಅವನನ್ನು ನೋಡಿದ.

ತಲೆಗೆ ಟವೆಲ್ ಸುತ್ತಿ, ಲುಂಗಿಯನ್ನು ಮೊಣಕಾಲ ಮೇಲೆ ಕಟ್ಟಿ, ನೆಲ ಒರೆಸುವ ಕೋಲನ್ನೇ ಮೈಕಿನಂತೆ ಹಿಡಿದು, "ಟೆಸ್ಟಿಂಗ್! ಟೆಸ್ಟಿಂಗ್!" ಎಂದು ಅರಚುತ್ತಾ ಅವನು ಕುಣಿಯುತ್ತಿದ್ದ. ಹೊಸ ಕ್ಯಾಮೆರಾ ಬಂದ ದಿನ ಪರೀಕ್ಷೆಗೆಂದು ತೆಗೆದ ದೃಶ್ಯವದು. ಕೊನೆಗೆ ಒದ್ದೆ ನೆಲದಲ್ಲಿ ಕಾಲು ಜಾರಿ ದೊಪ್ಪನೆ ಬಿದ್ದ. ಬಿದ್ದವನು ಮರುಕ್ಷಣವೇ ಮೊದಲಿನಿಂದ ಕುಣಿಯತೊಡಗಿದ.

"ಸಂಜೆ ವಾರ್ತೆ ಮುಗಿದಾಗಿಂದ ಇದೇ ಕಥೆ," ಎಂದರು ಮಲ್ಲಿಕಾಂಬ, ಹಣೆಗೆ ಕೈಯಿಟ್ಟು. "ನೀನು ಬೀಳೋದು, ಏಳೋದು, ಕುಣಿಯೋದು. ನಿಲ್ಸೋಣ ಅಂತ ಹೋದ್ರೆ ಪಾಸ್‌ವರ್ಡ್ ತಪ್ಪು ಅಂತದೆ. ನಾನೇ ಮರ್ತುಬಿಟ್ನೋ ಏನೋ, ತಲೆ ಕೆಟ್ಟುಹೋಗಿದೆ ಕಣೋ."

"ಅಲ್ಲಕ್ಕಾ, ಹೊರಗೆ ಹೋಗೋ ವೈರು ಕಿತ್ತಿದ್ರೆ ನಿಂತುಹೋಗ್ತಿತ್ತಲ್ಲಾ?"

ಮಲ್ಲಿಕಾಂಬ ಈರಣ್ಣನ ಮುಖ ನೋಡಿದರು. ಈರಣ್ಣ ಛಾವಣಿ ನೋಡಿದ. ಆಮೇಲೆ ಮೆಲ್ಲಗೆ ಹೋಗಿ ವೈರು ಕಿತ್ತ. ಮೂರೂರುಗಳ ಟೀವಿಗಳು ಕಪ್ಪಾದವು.

ಆ ಕತ್ತಲಿಗೇ ಕಾದಿದ್ದಂತೆ ರಿಯಾಜ್‌ನ ಫೋನು ಹೊಡೆದುಕೊಂಡಿತು. ತೆರೆಯ ಮೇಲಿನ ಹೆಸರು ಕಂಡು ಅವನು ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡ. ಕಡೂರಿನ ರಹಮತ್ ಉಲ್ಲಾ! ಉರ್ದು ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರು. ಅವರ ಎದುರು ಗೋಡೆಯ ಗಡಿಯಾರವೂ ಅಪ್ಪಣೆ ಕೇಳಿಯೇ ಬಡಿಯುತ್ತಿತ್ತೆಂದು ಪ್ರತೀತಿ. ಅವರ ಮಗಳು ತರನ್ನುಮ್‌ಳನ್ನು ರಿಯಾಜ್ ನೋಡಿ ಬಂದಿದ್ದ. ಬಂದಂದಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹುಡುಗನ ಮನೆ ನೋಡಿ ಮಾತು ಮುಗಿಸಲು ರಹಮತ್ ಉಲ್ಲಾ ದಂಪತಿ ಬರುವುದು ಮರುದಿನ ಬೆಳಿಗ್ಗೆ ಎಂದು ನಿಶ್ಚಯವಾಗಿತ್ತು.

"ಒಂದು ಸಲ ನೋಡಿದೆ," ಎಂದಿತು ಫೋನಿನಾಚೆಯ ಗಂಭೀರ ದನಿ. "ಕಣ್ಣಿನ ದೋಷ ಅಂದ್ಕೊಂಡೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ನೀವೇ!"

"ಸಾಬ್, ಅದು ನಾನೇ, ಆದ್ರೆ ಹಾಕಿದ್ದು ನಾನಲ್ಲ!"

"ಯಂತ್ರ ನೋಡ್ಕೊಳ್ಳೋರು ನೀವು. ತನ್ನ ಕುಣಿತ ತಾನೇ ಮೂರೂರಿಗೆ ತೋರಿಸ್ಕೊಳ್ಳೋ ಹುಡುಗನಿಗೆ ನಾನು ಮಗಳನ್ನ ಹೇಗೆ ಕೊಡಲಿ?"

"ಖುದಾನ ಆಣೆ, ಬೇರೆ ಯಾರೋ ಮಾಡಿದ್ದು!"

"ಹಾಗಿದ್ರೆ ಅವರ ಹೆಸರು ಅದೇ ಚಾನೆಲ್‌ನಲ್ಲಿ ಬರಲಿ. ಮಾಲೀಕರ ಬಾಯಿಂದಲೇ ಬರಲಿ. ನೀವು ಕುಣಿದದ್ದನ್ನ ನೋಡಿದ ಊರೆಲ್ಲ ಅದನ್ನೂ ಕೇಳಲಿ. ಬೆಳಿಗ್ಗೆ ಅಲ್ಲಿಗೇ ಬರ್ತೀವಿ." ಫೋನು ಕಡಿಯಿತು.

ರಿಯಾಜ್ ಸರ್ವರ್‌ನ ಮುಂದೆ ಕುಳಿತ. ಒಳಹೊಕ್ಕರೆ ಮಾತ್ರ ಯಾರು ಏನು ಮಾಡಿದರೆಂದು ತಿಳಿಯುವುದು, ಒಳಹೊಕ್ಕರೆ ಮಾತ್ರ ಚಾನೆಲ್ ಮತ್ತೆ ನಡೆಯುವುದು. ಹಿಂಬಾಗಿಲಿನಿಂದ ನುಸುಳುವ ಉಪಾಯಗಳೂ ಅವನಿಗೆ ಗೊತ್ತಿದ್ದವು. ಆದರೆ ಕಳೆದ ವರ್ಷ ಮೈಯೆಲ್ಲ ಜಾಣತನ ತುಂಬಿಕೊಂಡು ಆ ಬಾಗಿಲುಗಳಿಗೆಲ್ಲ ಬೀಗ ಜಡಿದಿದ್ದವನೂ ಅವನೇ. ಈಗ ಒಡೆದು ನುಗ್ಗಿದರೆ ಒಳಗಿದ್ದ ಅಷ್ಟೂ ಮದುವೆ, ಅಷ್ಟೂ ನಾಮಕರಣ ಅಳಿಸಿಹೋಗುತ್ತಿದ್ದವು. ಜೊತೆಗೆ ಕಳ್ಳನ ಹೆಜ್ಜೆಗುರುತೂ.

ಹಳೆಯ ಪಾಸ್‌ವರ್ಡ್ ಹೊಡೆದ. ತಪ್ಪು! ಮರೆತದ್ದಲ್ಲ, ಯಾರೋ ಬದಲಾಯಿಸಿದ್ದಾರೆ! ಅದರ ಕೆಳಗೆ, ನೆನಪಿಗೆಂದು ಬದಲಾಯಿಸಿದವರು ಬರೆದಿಟ್ಟ ಸುಳಿವೊಂದು ಕಣ್ಣು ಮಿಟುಕಿಸುತ್ತಿತ್ತು:

'ನನ್ನ ಹೆಂಡತಿಯ ಬಾಯಲ್ಲಿ ಎಂದೂ ಬಾರದ ಮಾತು.'

"ಮದ್ವೆ ಆದ ಗಂಡಸು," ಎಂದು ಉಸುರಿದ ಈರಣ್ಣ. ಮರುಕ್ಷಣ ತಾನೂ ಅಂಥವನೇ ಎಂಬುದು ನೆನಪಾಗಿ ಎರಡು ಹೆಜ್ಜೆ ಹಿಂದೆ ಸರಿದ. "ನಾನಲ್ಲಪ್ಪೋ!"

ಯಾರು ಬೇಕಾದರೂ ಆಗಿರಬಹುದಿತ್ತು. ಮಲ್ಲಿಕಾಂಬರಿಗೆ ಒಂದು ಅಭ್ಯಾಸ: ಟೈಪ್ ಮಾಡುವಾಗ ಪ್ರತಿ ಅಕ್ಷರವನ್ನೂ ವಾರ್ತೆ ಓದುವ ಕಂಠದಲ್ಲಿ ಹೇಳುತ್ತಾ ಒತ್ತುವುದು. ಹಾಗಾಗಿ ಹಳೆಯ ಪಾಸ್‌ವರ್ಡ್ ಕೆಳಗಿನ ಮಂಡಿಯ ಹಮಾಲರಿಗೂ ಬಾಯಿಪಾಠವಾಗಿತ್ತು. ಅವರೆಲ್ಲ ನೀರು ಕುಡಿಯಲು ಮೇಲೆ ಬರುವವರೇ. ಹೋದ ವಾರ ರಿಯಾಜ್ ತಾಳಲಾರದೆ, "ಅಕ್ಕಾ, ನಿಮ್ಮ ಬಾಯಲ್ಲಿ ಬಾರದೇ ಇರೋ ಪಾಸ್‌ವರ್ಡ್ ಒಂದಿದ್ರೆ ಮಾತ್ರ ಈ ಸರ್ವರ್ ಉಳಿಯೋದು" ಎಂದು ಗೊಣಗಿದ್ದ. ಎಲ್ಲರೂ ನಕ್ಕಿದ್ದರು. ಮೂಲೆಯಲ್ಲಿ ಆನೆಯ ಚಿತ್ರ ಬಿಡಿಸುತ್ತಿದ್ದ ಮೇಷ್ಟ್ರೂ ನಕ್ಕಿದ್ದರು.

ಮೇಷ್ಟ್ರು ಎಂದರೆ ಮಲ್ಲಿಕಾಂಬರ ಯಜಮಾನರು, ನಿವೃತ್ತ ಡ್ರಾಯಿಂಗ್ ಮಾಸ್ತರು. ಮೂರೂರಿಗೂ ಅವರು ಬರೀ ಮೇಷ್ಟ್ರು. ನಿಜವಾದ ಹೆಸರು ಪಿಂಚಣಿ ಕಚೇರಿಗೆ ಬಿಟ್ಟರೆ ಇನ್ಯಾರಿಗೂ ನೆನಪಿದ್ದಂತಿರಲಿಲ್ಲ. ರಿಯಾಜ್‌ಗೂ ಗೊತ್ತಿರಲಿಲ್ಲ.

"ಮೇಷ್ಟ್ರು ಎಲ್ಲಕ್ಕಾ?" ಎಂದು ಕೇಳಿದ.

"ಸಖರಾಯಪಟ್ಟಣದಲ್ಲಿ ಗೃಹಪ್ರವೇಶಕ್ಕೆ ಹೋಗವ್ರೆ. ಫೋನು ಆಫು. ಆನ್ ಇಟ್ರೆ ಚಾರ್ಜು ಖರ್ಚಾಗ್ತದಂತೆ! ಅವ್ರ ಮೇಲೆ ಯಾಕೋ ಅನುಮಾನ? ಮಿಕ್ಸಿ ಗುಂಡಿ ಯಾವ ಕಡೆ ತಿರುಗಿಸ್ಬೇಕು ಅಂತ ಗೊತ್ತಿಲ್ಲ, ಇನ್ನು ಸರ್ವರ್ರಾ?"

ಬೆಳಗಾಗುವಷ್ಟರಲ್ಲಿ ಸುಳಿವಿನ ಸುದ್ದಿ ಮಂಡಿಗೆ ಇಳಿದಿತ್ತು. ಸಂಸಾರಸ್ಥರೆಲ್ಲ ನೆರವಿಗೆ ಮಹಡಿ ಹತ್ತಿದರು. ಮೂರು ಸಲ ತಪ್ಪಾದರೆ ಯಂತ್ರ ಅರ್ಧ ಗಂಟೆ ಬಾಯಿ ಮುಚ್ಚಿಕೊಳ್ಳುತ್ತದೆ, ಯೋಚಿಸಿ ಹೇಳಿ ಎಂದು ರಿಯಾಜ್ ಕೈಮುಗಿದ.

"'ತಪ್ಪು ನಂದೇ' ಅಂತ ಹೊಡಿ," ಎಂದ ಈರಣ್ಣ, ಅನುಭವದ ಆಳದಿಂದ. ಗಂಡಸರೆಲ್ಲ ತಲೆದೂಗಿದರು. ಯಂತ್ರ ಒಪ್ಪಲಿಲ್ಲ.

"ಏ, 'ಸಾಕು' ಕಣಪ್ಪ," ಎಂದರು ದಲ್ಲಾಳಿ ಷಣ್ಮುಖಪ್ಪ. "ಸೀರೆ ಅಂಗಡೀಲಿ ಕೂತ್ಮೇಲೆ ನಮ್ಮನೆಯವಳ ಬಾಯಲ್ಲಿ ಆ ಮಾತು ಬಂದಿದ್ದೇ ಇಲ್ಲ." ಅದೂ ತಪ್ಪು.

ಹಮಾಲಿ ಕರಿಯಣ್ಣ ಬಹಳ ಹೊತ್ತು ಯೋಚಿಸಿ ಭಾರವಾದ ದನಿಯಲ್ಲಿ ಹೇಳಿದ: "'ನಿಮ್ಮವ್ವನ ಕೈಸಾರು ಚೆನ್ನಾಗೈತೆ'."

ಇದೇ ಇರಬೇಕು, ಇದಕ್ಕಿಂತ ದೊಡ್ಡ ಸತ್ಯ ಇರಲಾರದು ಎಂದು ಎಲ್ಲರ ಮುಖಗಳೂ ಹೇಳುತ್ತಿದ್ದವು. ರಿಯಾಜ್ ಹೊಡೆದ. ತೆರೆ ಕೆಂಪಾಯಿತು. ಯಂತ್ರ ಬಾಯಿ ಮುಚ್ಚಿತು.

"ಮೂವರ ಹೆಂಡ್ತೀರ ನಂಬರೂ ನನ್ ಹತ್ರ ಅದೆ," ಎಂದರು ಮಲ್ಲಿಕಾಂಬ ತಣ್ಣಗೆ. ಮಹಡಿ ಖಾಲಿಯಾಯಿತು. ಉಳಿದವನು ಈರಣ್ಣ ಒಬ್ಬನೇ, ಅದೂ ಬಾಗಿಲ ಹಿಂದೆ.

ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಟಕ್, ಟಕ್ ಎಂದು ಕೊಡೆಯ ತುದಿ ಊರುವ ಸದ್ದು. ರಹಮತ್ ಉಲ್ಲಾ ಬಂದೇಬಿಟ್ಟರು! ಹಿಂದೆ ಬಂದ ಅವರ ಪತ್ನಿ ಖುರ್ಷಿದ್ ಬೇಗಂ ರಿಯಾಜ್‌ನನ್ನು ಕಂಡದ್ದೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರ ಭುಜಗಳು ಅದುರುತ್ತಿದ್ದವು. ಅತ್ತೆಯಾಗಬೇಕಾದವರು ಅಳುತ್ತಿದ್ದಾರೆಂದು ರಿಯಾಜ್‌ನ ಎದೆ ಒಡೆಯಿತು.

"ಬೇಟಾ," ಎಂದರು ಅವರು ಉಸಿರು ಸಿಕ್ಕಾಗ, "ಕೊನೇಲಿ ಬಿದ್ರಲ್ಲ, ಬೇಕಂತಲೇ ಬಿದ್ರಾ?"

"ಇಲ್ಲಮ್ಮ. ನಿಜವಾಗ್ಲೂ ಜಾರಿದ್ದು."

"ಅದೇ ಚೆನ್ನಾಗಿತ್ತು."

ರಹಮತ್ ಉಲ್ಲಾ ಕೊಡೆ ನೆಲಕ್ಕೆ ಕುಟ್ಟಿದರು. "ಹೆಸರು ಸಿಕ್ತಾ?"

ರಿಯಾಜ್ ತಲೆ ತಗ್ಗಿಸಿ ತೆರೆಯ ಕಡೆ ಕೈ ತೋರಿಸಿದ. ಖುರ್ಷಿದ್ ಬೇಗಂ ಕನ್ನಡ ಓದಲಾರರೆಂದು ಸುಳಿವನ್ನು ಗಟ್ಟಿಯಾಗಿ ಓದಿ ಹೇಳಿದ. ಅವರು ಕೇಳಿದರು, ಗಂಡನ ಮುಖ ನೋಡಿದರು, ಮತ್ತೆ ಸೆರಗು ಬಾಯಿಗೆ ಹೋಯಿತು.

"ಇಷ್ಟಕ್ಕೆ ರಾತ್ರಿಯೆಲ್ಲ ಕೂತಿದ್ರಾ? ನಾನು ಇವರನ್ನ ಏನಂತ ಕರೀತೀನಿ? 'ತರನ್ನುಮ್ ಕೆ ಅಬ್ಬಾ,' ಅಂದ್ರೆ ತರನ್ನುಮ್‌ಳ ಅಪ್ಪ. ಅವಳು ಹುಟ್ಟೋಕೆ ಮೊದಲು 'ಅಜೀ, ಸುನೋ', ರೀ ಕೇಳಿ, ಅಂತಿದ್ದೆ. ಮದುವೆಯಾದಾಗಿಂದ ನನ್ನ ಬಾಯಲ್ಲಿ ಬಾರದೇ ಇರೋ ಮಾತು ಒಂದೇ. ಇವರ ಹೆಸರು."

ಬಾಗಿಲ ಹಿಂದಿನಿಂದ ಈರಣ್ಣ ಕೂಗಿದ: "ಹಂಗಾರೆ ನಾನು ಪಾರಾದೆ ಕಣ್ರೀ! ನಮ್ಮೋಳು ಸಂತೆ ಮಧ್ಯದಲ್ಲಿ ನಿಂತು 'ಲೇ ಈರಾ' ಅಂತಾಳೆ!"

ರಿಯಾಜ್ ನಿಧಾನವಾಗಿ ತಿರುಗಿ ನೋಡಿದ. ಮಂತ್ರಿಗಳ ಹೆಸರನ್ನು ಏಕವಚನದಲ್ಲಿ ಓದಿಬಿಡುವ ಮಲ್ಲಿಕಾಂಬ, ಮೂರೂರಿನ ಸತ್ತವರ ಹೆಸರನ್ನೆಲ್ಲ ತಡವರಿಸದೆ ಹೇಳುವ ಮಲ್ಲಿಕಾಂಬ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆಂದು ಅವರ ಅಜ್ಜಿ ಹೇಳಿದ್ದರು. ರೇಷನ್ ಅಂಗಡಿಯಲ್ಲಿ ಕೇಳಿದರೆ ಅವರು ಕಾರ್ಡಿನ ಮೇಲೆ ಬೆರಳಿಡುವವರು.

"ಅಕ್ಕಾ, ಮೇಷ್ಟ್ರ ಹೆಸರೇನು?"

"ಥೂ, ಹೋಗೋ! ನಾನ್ ಹೇಳಲ್ಲ."

"ಹೇಳ್ಬೇಡಿ. ಹೊಡೀರಿ."

ಯಂತ್ರದ ಬಾಯಿ ತೆರೆಯುವ ಹೊತ್ತಾಗಿತ್ತು. ಮಲ್ಲಿಕಾಂಬ ಕೀಲಿಮಣೆಯ ಮುಂದೆ ಕುಳಿತು ತುಟಿಗಳನ್ನು ಬಿಗಿಯಾಗಿ ಕಚ್ಚಿಕೊಂಡರು. ಆ ಕೋಣೆಯ ಇತಿಹಾಸದಲ್ಲೇ ಮೊದಲ ಬಾರಿಗೆ ಅವರು ಸದ್ದಿಲ್ಲದೆ ಟೈಪ್ ಮಾಡಿದರು. ಕೊನೆಯ ಗುಂಡಿ ಒತ್ತಿ ಕಣ್ಣು ಮುಚ್ಚಿಕೊಂಡರು.

ಸರ್ವರ್ ತೆರೆದುಕೊಂಡಿತು.

ರಿಯಾಜ್ ಒಳಗೆ ಹಾರಿಬಿದ್ದ. ಕಡತಗಳ ಸಾಲಿನಲ್ಲಿ ಸತ್ಯ ಬಟ್ಟಬಯಲಾಗಿ ಮಲಗಿತ್ತು. ನಿನ್ನೆ ಮಧ್ಯಾಹ್ನವಷ್ಟೇ ಹೊಸದೊಂದು ಬಂದು ಸೇರಿತ್ತು: 'ಗೆರೆ ಎಳೆಯೋಣ ಬನ್ನಿ: ಮೊದಲ ಪಾಠ, ಆನೆ.' ಅದರ ನೆತ್ತಿಯ ಮೇಲಿನ ಸಾಲಿನಲ್ಲಿ ರಿಯಾಜ್‌ನ ಕುಣಿತ. ಸಂಜೆ ವಾರ್ತೆಯ ನಂತರ ಬರಲೆಂದು ಆನೆಯನ್ನು ಒತ್ತಲು ಹೋದ ಬೆರಳು ಒಂದು ಸಾಲು ಮೇಲೆ ಒತ್ತಿತ್ತು. ಅಲ್ಲೇ ಸರ್ವರ್‌ನ ಹಿಂದೆ ಮೇಷ್ಟ್ರು ಮಡಿಸಿಟ್ಟು ಮರೆತ ಕನ್ನಡಕವಿತ್ತು.

"ನಮ್ಮ ಚಾನೆಲ್ಲಲ್ಲಿ ಹಾಕು ಅಂತ ವರ್ಷದಿಂದ ಪ್ರಾಣ ತಿಂತಿದ್ರು," ಎಂದರು ಮಲ್ಲಿಕಾಂಬ ಕ್ಷೀಣವಾಗಿ. "ಆನೆ ಸೊಂಡಿಲು ಯಾರು ನೋಡ್ತಾರ್ರೀ ಅಂದಿದ್ದೆ. ನಾನು ನಿಲ್ಲಿಸ್ಬಾರ್ದು ಅಂತ ಬೀಗ ಬೇರೆ ಹಾಕವ್ರೆ!"

"ಹಾಗಿದ್ರೆ ಹೇಳಿ," ಎಂದರು ರಹಮತ್ ಉಲ್ಲಾ, ಕುರ್ಚಿ ಎಳೆದು ಕುಳಿತು.

"ಸ್ಲೇಟಲ್ಲಿ ಬರ್ದು ತೋರಿಸ್ಲಾ ಸಾಬ್ರೇ?"

"ಕೇಳಿಸಬೇಕಮ್ಮ."

"ನಮ್ಮನೆಯವ್ರು ಅಂದ್ರೆ ಸಾಲ್ದಾ?"

"ಮೂರೂರಲ್ಲಿ ಎಷ್ಟು ಮನೆ, ಎಷ್ಟು ಮನೆಯವರು!"

ಮಲ್ಲಿಕಾಂಬ ರಿಯಾಜ್‌ನತ್ತ ನೋಡಿದರು. ಅವನು ಎರಡೂ ಕೈ ಜೋಡಿಸಿದ. ಅಷ್ಟು ಹೊತ್ತೂ ಹಟ ಹಿಡಿದಿದ್ದ ಮಲ್ಲಿಕಾಂಬರ ಮುಖ ಮೆತ್ತಗಾಯಿತು.

"ಆಗ್ಲಿ," ಎಂದರು ಅವರು ಎದ್ದು ನಿಂತು. "ಅವ್ರ ಆಯಸ್ಸು ಗಟ್ಟಿ ಅದೆ. ಈ ಹುಡುಗನ ಮದ್ವೆನೇ ಗಟ್ಟಿ ಇಲ್ಲ. ಈರಣ್ಣ, ಕ್ಯಾಮೆರಾ ಹಾಕೋ!"

ವೈರು ಮತ್ತೆ ಸೇರಿತು. ಕೆಂಪು ದೀಪ ಹೊತ್ತಿತು. ಮೂರೂರುಗಳ ಟೀವಿಗಳಲ್ಲಿ ಮಲ್ಲಿಕಾಂಬ ಮೂಡಿಬಂದರು. ರಿಯಾಜ್ ಕ್ಯಾಮೆರಾದ ಪಕ್ಕದಲ್ಲಿ ನಿಂತ.

"ನಮಸ್ಕಾರ. ಮೂರೂರು ವಾಹಿನಿಯ ವಿಶೇಷ ವಾರ್ತೆಗೆ ಸ್ವಾಗತ. ನಿನ್ನೆ ರಾತ್ರಿ ಪ್ರಸಾರವಾದ ಕುಣಿತಕ್ಕೂ ನಮ್ಮ ರಿಯಾಜ್ ಅವರಿಗೂ ಕುಣಿದದ್ದನ್ನು ಬಿಟ್ಟರೆ ಬೇರಾವ ಸಂಬಂಧವೂ ಇಲ್ಲ. ಅವರು ನಿರಪರಾಧಿ. ಪಾಸ್‌ವರ್ಡ್ ಬದಲಾಯಿಸಿ, ಕನ್ನಡಕ ಹಾಕಿಕೊಳ್ಳದೆ ಗುಂಡಿ ಒತ್ತಿ, ಈ ಅನಾಹುತ ಮಾಡಿದವರು..."

ಮಾತು ನಿಂತಿತು. ನೀರು ಕುಡಿದರು. ಎಡಗೈಯಿಂದ ತಾಳಿಯನ್ನು ಹಿಡಿದುಕೊಂಡರು. ರಹಮತ್ ಉಲ್ಲಾ ಕುರ್ಚಿಯ ತುದಿಗೆ ಸರಿದರು. ಖುರ್ಷಿದ್ ಬೇಗಂ ಸೆರಗು ಕಚ್ಚಿಕೊಂಡರು. ಮಲ್ಲಿಕಾಂಬರ ತುಟಿ ಒಮ್ಮೆ ಅದುರಿತು, ಎರಡನೆಯ ಸಲ ಅದುರಿತು, ಮೂರನೆಯ ಸಲ ತೆರೆಯಿತು.

"ತೀರ್ಥಪ್ಪ!"