ಹಾರುವುದಿಲ್ಲ ಎಂಬ ಪ್ರಮಾಣಪತ್ರ

ಮರಾಠಿ ಸೀಮೆಯಲ್ಲಿ, ನಿಗಡಿಯಾಚೆಯ ಕೈಗಾರಿಕಾ ತರಬೇತಿ ಶಾಲೆಯಲ್ಲಿ ಬಡಿಗತನ ಕಲಿಸುತ್ತಿದ್ದ ರಾಮಲಿಂಗಪ್ಪನವರು ತಮಗೆ ತಾವೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದರು. ವಿದ್ಯಾರ್ಥಿ ಮಾಡಿ ತಂದ ಸ್ಟೂಲಿನ ಮೇಲೆ ತಾವೇ ಕೂತು, ಎರಡು ಸಲ ಅತ್ತಿತ್ತ ಅಲುಗಾಡಿ, ಆಮೇಲೆಯೇ ಅವನ ಪುಸ್ತಕಕ್ಕೆ ಸಹಿ ಹಾಕುವರು. ಏಣಿಯಾದರೆ ಹತ್ತಿ ಇಳಿಯುವರು. ತೊಟ್ಟಿಲನ್ನು ಪರೀಕ್ಷಿಸಲು ಬೈಲಹೊಂಗಲದಿಂದ ಮೊಮ್ಮಗಳನ್ನು ಕರೆಸಿಕೊಂಡಿದ್ದರೆಂದೂ ಹೇಳುತ್ತಾರೆ. ಆ ಕೂಸನ್ನು ಕಂಡವರು ಮಾತ್ರ ಯಾರೂ ಸಿಕ್ಕುವುದಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ಅವರ ಒಂದು ಸಹಿಯೂ ಸುಳ್ಳಾಗಿರಲಿಲ್ಲ.

೧೯೯೮ರಲ್ಲಿ ಶಾಲೆಗೆ ಐವತ್ತು ತುಂಬುವುದಿತ್ತು. ಗೇಟಿನ ಬಳಿ ಕಟ್ಟೆ ಕಟ್ಟಿಸಿ, ಅದರ ಮೇಲೆ ಹಳೆಯ ಕಾಲದ ಜೋಡಿರೆಕ್ಕೆಯ ವಿಮಾನದ ಪ್ರತಿಕೃತಿಯೊಂದನ್ನು ನಿಲ್ಲಿಸಬೇಕೆಂದು ಪ್ರಾಚಾರ್ಯ ಮಧ್ವೇಶರು ನಿಶ್ಚಯಿಸಿದರು. ಸ್ವಯಂಸೇವಕರು ಬೇಕೆಂದು ಫಲಕದಲ್ಲಿ ಬರೆಸಿದಾಗ ಒಬ್ಬರೂ ಬರಲಿಲ್ಲ. ಸ್ವಯಂಸೇವಕರಿಗೆ ಹಾಜರಾತಿಯ ಕೊರತೆ ಮನ್ನಾ ಎಂಬ ಎರಡನೆಯ ಸೂಚನೆ ಬಿದ್ದ ದಿನವೇ ನಲವತ್ತು ಮಂದಿಯಲ್ಲಿ ಸೇವಾಭಾವ ಜಾಗೃತವಾಯಿತು. ಅವರಲ್ಲಿ ಫಿಟ್ಟರ್ ವಿಭಾಗದ ಮಾಂತು ಎಲ್ಲರಿಗಿಂತ ಮುಂದೆ ನಿಂತಿದ್ದ. ಅವನ ಕೊರತೆಯೂ ಎಲ್ಲರಿಗಿಂತ ದೊಡ್ಡದಿತ್ತು.

"ಪ್ಲೈವುಡ್‌ನಾಗ ಆಕಾರ ಬಂದ್ರ ಸಾಕ್ರಿ, ರಾಮಲಿಂಗಪ್ಪ" ಎಂದರು ಪ್ರಾಚಾರ್ಯರು.

"ಒಳಗ ಇದ್ರ ತಾನ ಹೊರಗ ಆಕಾರ ಬರೋದು?" ಎಂದ ರಾಮಲಿಂಗಪ್ಪನವರು ಮೂಲ ವಿಮಾನದ ನಕಾಶೆಯನ್ನು ಬಿಚ್ಚಿ ಕೂತರು. ಎಂಟು ತಿಂಗಳು ಮರಕ್ಕೆ ಆವಿ ಕೊಟ್ಟು, ಬಾಗಿಸಿ, ರೆಕ್ಕೆಯ ಒಂದೊಂದು ಪಕ್ಕೆಲುಬನ್ನೂ ನಕಾಶೆಯಂತೆಯೇ ಮಾಡಿಸಿದರು: ಮೇಲೆ ಉಬ್ಬು, ಕೆಳಗೆ ತಗ್ಗು. ಹೊಲಿಗೆ ವಿಭಾಗದ ರೇಣು ಅದಕ್ಕೆ ಬಟ್ಟೆ ಹೊದಿಸಿ, ನೋಡುವವರ ಕಣ್ಣಿಗೆ ಬೀಳದಂತೆ ಹೊಲಿಗೆಯನ್ನೆಲ್ಲ ಅಡಿಗೆ ಹಾಕಿದಳು. ಎಂಜಿನ್ನಿನ ಜಾಗದಲ್ಲಿ ಮಾತ್ರ ಒಂದು ಖಾಲಿ ತಗಡಿನ ಡಬ್ಬಿಯಿತ್ತು.

ಸಮಾರಂಭಕ್ಕೆ ಒಂದು ವಾರ ಉಳಿದಾಗ, ಅನುಮತಿ ಕೇಳಿದ್ದ ಕಚೇರಿಯೊಂದರಿಂದ ಪತ್ರ ಬಂತು. ಸದರಿ ವಸ್ತು ಹಾರುವಂಥದಾದರೆ ನೋಂದಣಿ ಮಾಡಿಸತಕ್ಕದ್ದು. ಹಾರದಂಥದಾದರೆ ಹಾರುವುದಿಲ್ಲವೆಂದು ಅದನ್ನು ಮಾಡಿದವನೇ ಸಹಿ ಮಾಡಿದ ಪ್ರಮಾಣಪತ್ರ ಲಗತ್ತಿಸತಕ್ಕದ್ದು.

"ಸಹಿ ಕರಾ ನಾ!" ಎಂದರು ಪ್ರಾಚಾರ್ಯರು. ಧಾರವಾಡದವರಾದರೂ ಕಚೇರಿಯಲ್ಲಿ ಕೂತರೆ ಅವರ ನಾಲಿಗೆ ಮರಾಠಿಗೆ ಹೊರಳುತ್ತಿತ್ತು.

"ನೋಡದ ಹ್ಯಾಂಗ ಹಾಕ್ಲಿರಿ?"

ಪ್ರಾಚಾರ್ಯರು ಸಿಟ್ಟಿಗೆದ್ದು ಕನ್ನಡಕ್ಕೆ ಬಂದರು. "ಎಂಜಿನ್ನ ಇಲ್ಲದ್ದು ಹಾರತದ ಏನ್ರಿ? ನಿಮಗೇನ್ ತಲಿ ಸರಿ ಅದನೋ ಇಲ್ಲೋ?"

"ಹಾರೂದಿಲ್ರಿ. ಆದ್ರ ನೋಡಿ ಹಾಕ್ತೀನ್ರಿ."

ಆಷಾಢದ ಗಾಳಿ ಎದುರಿನಿಂದ ಬೀಸುತ್ತಿತ್ತು. ಮಾಂತು ಶಾಲೆಯ ಟೆಂಪೋಕ್ಕೆ ಹಗ್ಗ ಬಿಗಿದು ವಿಮಾನವನ್ನು ಯಾರೂ ಇಲ್ಲದ ಮೈದಾನದ ಉದ್ದಕ್ಕೆ ಎಳೆದ. ಅರ್ಧ ಮೈದಾನ ದಾಟಿದಾಗ ಗಾಲಿಗಳ ಸದ್ದು ನಿಂತಿತು. ವಿಮಾನ ನೆಲ ಬಿಟ್ಟಿತ್ತು. ಎಷ್ಟು ಎತ್ತರ ಎಂಬುದನ್ನು, ಬಹಳ ವರ್ಷಗಳ ಮೇಲೆ ಸಂಗತಿ ಹೊರಬಿದ್ದಾಗಿನಿಂದ, ಜನ ಬೇರೆ ಬೇರೆಯಾಗಿ ಹೇಳುತ್ತಾರೆ: ಪಕ್ಕದ ಆಕುರ್ಡಿಯವರು ಮೊಳ ಎನ್ನುತ್ತಾರೆ, ದೂರದ ಭೋರಿನ ಕಡೆ ಅದು ಆಳೆತ್ತರವಾಗಿದೆ. ರಾಮಲಿಂಗಪ್ಪನವರು ಹೇಳುತ್ತಿದ್ದುದು ಒಂದು ಗೇಣು. ಗೇಣೆಂದೇ ಇಟ್ಟುಕೊಳ್ಳೋಣ.

"ಮಾಸ್ತರ, ಹಾರ್ತಲ್ರೀ!" ಎಂದು ಮಾಂತು ಟೆಂಪೋ ನಿಲ್ಲಿಸಿ, ಜಿಗಿದು ಕುಣಿದ.

ರಾಮಲಿಂಗಪ್ಪನವರ ಕಣ್ಣಲ್ಲಿ ನೀರಾಡಿತು. ಮರುಗಳಿಗೆಗೆ ಮುಖ ಬಾಡಿತು. ಸಹಿ ಹಾಕಿದರೆ ಇಪ್ಪತ್ತೆಂಟು ವರ್ಷದ ಸಹಿಗಳಿಗೆಲ್ಲ ಮಸಿ. ಹಾಕದಿದ್ದರೆ ಅನುಮತಿಯಿಲ್ಲ, ವಿಮಾನ ಗುಜರಿಗೆ, ಮಕ್ಕಳ ಎಂಟು ತಿಂಗಳು ನೀರಿಗೆ.

"ಹಾರಿದ್ದು ಯಾರಿಗೆ ಗೊತ್ತದರಿ? ಹಾಕಿಬಿಡ್ರಿ" ಎಂದ ಮಾಂತು.

"ನನಗ ಗೊತ್ತದಲ್ಲೋ, ಮಂಗ್ಯಾ."

ರವಿವಾರ ಇಡೀ ದಿನ ಅವರು ಮಾಂತುವನ್ನು ಜೊತೆಗಿಟ್ಟುಕೊಂಡು ರೆಕ್ಕೆಗಳನ್ನು ಬಿಚ್ಚಿದರು. ಎಡದ್ದನ್ನು ಮಗುಚಿ ಬಲಕ್ಕೆ, ಬಲದ್ದನ್ನು ಮಗುಚಿ ಎಡಕ್ಕೆ ಕೂಡಿಸಿದರು. ಉಬ್ಬು ಕೆಳಗಾಯಿತು, ತಗ್ಗು ಮೇಲಾಯಿತು. ಮತ್ತೆ ಟೆಂಪೋ, ಮತ್ತೆ ಹಗ್ಗ. ಮೈದಾನದ ಕೊನೆಯವರೆಗೂ ವಿಮಾನ ಎತ್ತಿನ ಬಂಡಿಯಂತೆ ಗಡಗಡ ಉರುಳಿತೇ ಹೊರತು ನೆಲ ಬಿಡಲಿಲ್ಲ. ಇನ್ನೊಮ್ಮೆ ಎಳೆಸಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಟೆಂಪೋದ ಬಾನೆಟ್ಟಿನ ಮೇಲೆ ಕಾಗದವಿಟ್ಟು ದುಂಡಗೆ ಸಹಿ ಹಾಕಿದರು.

ಸಮಾರಂಭದ ಮುಖ್ಯ ಅತಿಥಿಗಳು ರೆಕ್ಕೆಯನ್ನು ತಟ್ಟಿ, ಅಚ್ಚು ಮೂಲದ ಹಾಗೆಯೇ ಇದೆಯೆಂದು ಹೊಗಳಿದರು. ಜೊತೆಗೆ ಒಂದು ಕೊರಗನ್ನೂ ತೋಡಿಕೊಂಡರು: ನಮ್ಮ ಹುಡುಗರು ಆಕಾರ ಮಾಡುತ್ತಾರೆ, ಹಾರಿಸುವ ಛಲವೊಂದಿಲ್ಲ. ಮಾಂತು ಬಾಯಿ ತೆರೆದ. ರಾಮಲಿಂಗಪ್ಪನವರು ಅವನ ಕಾಲು ತುಳಿದು ತಾವೂ ಚಪ್ಪಾಳೆ ತಟ್ಟಿದರು.

ರೇಣು ಮಾತ್ರ ಕಟ್ಟೆಯ ಸುತ್ತ ಎರಡು ಸುತ್ತು ಬಂದಳು. "ಸರ, ನನ್ನ ಹೊಲಿಗಿ ಎಲ್ಲಾ ಮ್ಯಾಲ ಕಾಣ್ತಾವಲ್ರಿ. ಜನಾ ನನಗ ನಗ್ತಾರ್ರಿ."

"ನಗೋರು ನನಗ ನಗಲಿ ಬಿಡವ್ವ" ಎಂದರು ಅವರು. ಮೈದಾನದ ಸಂಗತಿಯನ್ನು ಅವಳೊಬ್ಬಳಿಗೆ ಹೇಳಿದರು.

ಒಂಬತ್ತು ವರ್ಷ ಕಳೆದವು. ೨೦೦೭ರಲ್ಲಿ ಭೋರಿನ ತರಬೇತಿ ಶಾಲೆಯ ಹುಡುಗರು ಇಂಥದ್ದೇ ವಿಮಾನ ಮಾಡಲೆಂದು ಅಳತೆ ಪಟ್ಟಿ ಹಿಡಿದು ಬಂದರು. ಆಗ ತಾನು ಕಲಿತ ಶಾಲೆಯಲ್ಲೇ ಹೊಲಿಗೆ ಕಲಿಸುತ್ತಿದ್ದ ರೇಣು, ನಿವೃತ್ತರಾದ ರಾಮಲಿಂಗಪ್ಪನವರಿಗೆ ಹೇಳಿಕಳಿಸಿದಳು. ಅವರು ಬರುವಷ್ಟರಲ್ಲಿ ಹುಡುಗರು ರೆಕ್ಕೆಯ ತಗ್ಗನ್ನೂ ಮೇಲಿನ ಹೊಲಿಗೆಯ ಒಂದೊಂದು ಟಾಕನ್ನೂ ಭಕ್ತಿಯಿಂದ ಬರೆದುಕೊಂಡಿದ್ದರು.

ರೇಣು ರಾಮಲಿಂಗಪ್ಪನವರ ಮುಖ ನೋಡಿದಳು. "ಹೇಳಿಬಿಡ್ರಿ ಸರ, ತಿರುವಿ ಹಾಕ್ರಿ ಅಂತ. ಇನ್ನಾರ ಹೇಳ್ರಿ."

ರಾಮಲಿಂಗಪ್ಪನವರು ಕಟ್ಟೆಗೆ ಕೈಯೂರಿ, ಬಗ್ಗಿ, ಹುಡುಗರು ಬರೆದುಕೊಂಡಿದ್ದನ್ನು ಓದಿದರು. ಆಮೇಲೆ ಹುಡುಗರ ಮುಂದಾಳನ್ನು ಹತ್ತಿರ ಕರೆದು ಮರಾಠಿಯಲ್ಲಿ ಕೇಳಿದರು: ನಿಮ್ಮಲ್ಲಿಯೂ ಪ್ರಮಾಣಪತ್ರ ಕೇಳಿದ್ದಾರೆಯೇ?

ಕೇಳಿದ್ದಾರೆ, ನಮ್ಮ ಬಡಿಗ ಮಾಸ್ತರರೇ ಸಹಿ ಹಾಕಬೇಕಂತೆ, ಎಂದ ಹುಡುಗ.

ರಾಮಲಿಂಗಪ್ಪನವರು ರೇಣುವಿನತ್ತ ತಿರುಗಿದರು.

"ಹೊಲಿಗಿ ಮ್ಯಾಲ ಇರ್ಲಿ ಬಿಡವ್ವ. ಆ ಮಾಸ್ತರನೂ ನೋಡೇ ಸಹಿ ಹಾಕಾಂವ ಅದಾನೋ, ಏನೋ."