ಸೋಲುತ್ತಾನೆ ಎಂದು ಬರೆದ ಚೀಟಿ

ಚೀಟಿಯ ಮೂಲೆ ಮತ್ತೆ ಸುರುಳಿಯಾಗಿದೆ, ಹೋಗಿ ಒತ್ತಬೇಕು, ಹೇಗೆ ಒತ್ತುವುದು, ಕಪಾಟಿನ ಎದುರು ಓಗುಶಿ ಮೇಷ್ಟ್ರು ನಿಂತುಬಿಟ್ಟಿದ್ದಾರೆ — ಮೂವತ್ತು ವರ್ಷದಿಂದ ಹೈಸ್ಕೂಲು ಹುಡುಗರಿಗೆ ಬೇಸ್‌ಬಾಲ್ ಕಲಿಸುವ ಮನುಷ್ಯ, ಹೋದ ವಾರ ಇದೇ ಚೀಟಿ ಓದಿ ಮೂಗು ಮುರಿದಿದ್ದರು, ಮೈದಾನದಲ್ಲಿ ಜೂಜೇನಮ್ಮಾ, ಥೂ, ಎಂದರು, ಬೈಯೋಕಾದ್ರೂ ಓದ್ಬೇಕಲ್ಲ ಎಂದು ಚೀಟಿ ಹೊಗಳುವ ಮಾಂಗಾದ, ಆ ಚಿತ್ರಕಥೆಯ, ಮೊದಲನೇ ಭಾಗ ಕೊಂಡೂ ಕೊಂಡರು, ಮುಖಪುಟ ಯಾರಿಗೂ ಕಾಣದಂತೆ ಚಿಗುಸಾ ಕಂದು ಕಾಗದದ ಹೊದಿಕೆ ಹಾಕಿಕೊಟ್ಟಳು, ನಗು ನುಂಗಿಕೊಂಡು. ತಕಾಸಾಕಿ ಸ್ಟೇಷನ್ ಎದುರಿನ ಈ ಪುಸ್ತಕದಂಗಡಿಯಲ್ಲಿ ಇಪ್ಪತ್ತೆರಡು ವರ್ಷ, ಕಪಾಟಿನ ಶಿಫಾರಸು ಚೀಟಿಗಳೆಲ್ಲ ಅವಳದೇ ಕೈಬರಹ, ಓದದೆ ಒಂದನ್ನೂ ಬರೆದವಳಲ್ಲ, ಆ ಹೆಮ್ಮೆ ಅವಳಿಗಿದೆ, ಯಾಕಿರಬಾರದು. ಹೊಸ ಮ್ಯಾನೇಜರ್ ಇವಾಕುರಾಗೆ ಪ್ರಕಾಶಕರು ಕಳಿಸುವ ಅಚ್ಚಿನ ಚೀಟಿಯೇ ಚಂದ. ನಾಯಕ ಸೋಲ್ತಾನೆ ಅಂತ ನೀವೇ ಬರೆದಿಟ್ರೆ ಯಾರ್ರೀ ಕೊಳ್ತಾರೆ, ಚಿಗುಸಾ ಅವರೇ. ಕೊಳ್ತಾರೆ, ಎರಡನೇ ಭಾಗಾನೂ ಕೇಳ್ಕೊಂಡು ಬರ್ತಾರೆ, ಶನಿವಾರದೊಳಗೆ ಒಬ್ಬರೂ ಬರದಿದ್ರೆ ನಾನು ಚೀಟಿ ಬರೆಯೋದೇ ಬಿಟ್ಟು ಪೆನ್ನು ಕೆಳಗಿಡ್ತೀನಿ. ಎಂದುಬಿಟ್ಟಿದ್ದಳು, ನಾಲಿಗೆ ಹಿಂದೆ ಸರಿಯಲಿಲ್ಲ — ಆ ಮಾಂಗಾದ ಹುಚ್ಚೇ ಅಂಥದ್ದು, ಅದರಲ್ಲಿ ಚೆಂಡೆಸೆಯುವವನು ಪ್ರತಿ ದಾಂಡಿಗನೊಡನೆ ಪಣ ಕಟ್ಟುತ್ತಾನೆ, ಒಂದೇ ಒಂದು ಮಾತು ಆಡುತ್ತಾನೆ, ಚೆಂಡು ಕೈಬಿಡುವ ಮೊದಲೇ ಎದುರಿನವನು ತನ್ನ ಹೆದರಿಕೆಗೆ ತಾನೇ ಔಟಾಗಿರುತ್ತಾನೆ, ಅಂಥವನು ಮೊದಲನೇ ಭಾಗದ ಕೊನೆಯ ಪಂದ್ಯ ಬೇಕೆಂದೇ ಸೋಲುತ್ತಾನೆ, ಸೋತದ್ದು ಗುಟ್ಟಲ್ಲ, ಯಾಕೆ ಎನ್ನುವುದೇ ಗುಟ್ಟು, ಅದನ್ನು ಓದಿ ತಿಳಿಯಲು ಅವಳು ಪ್ಲಾಟ್‌ಫಾರಂನಲ್ಲೇ ಎರಡು ರೈಲು ಬಿಟ್ಟವಳು.

ಇವತ್ತು ಶನಿವಾರ, ಇನ್ನು ಕಾಲು ಗಂಟೆಗೆ ಅಂಗಡಿ ಬಾಗಿಲು ಹಾಕಬೇಕು, ಇವಾಕುರಾ ಆಗಲೇ ಮಾರಾಟವಾಗದ ಪುಸ್ತಕ ವಾಪಸು ಕಳಿಸುವ ಪೆಟ್ಟಿಗೆ ತಂದು ಅಂಟುಪಟ್ಟಿ ಎಳೆಯುತ್ತಿದ್ದಾನೆ, ಚರ್ರ್ ಚರ್ರ್, ಎಷ್ಟು ಅವಸರವಪ್ಪಾ ಇವನಿಗೆ. ಮೇಷ್ಟ್ರು ಇತ್ತ ಬರುತ್ತಿದ್ದಾರೆ, ಕೈ ಖಾಲಿ, ಹೇಗಿತ್ತು ಮೇಷ್ಟ್ರೇ ಎಂದು ಕೇಳಲೇ, ಬೇಡ, ಕೇಳಿದರೆ ಸೋತಂತೆ, ಮಾಂಗಾದ ಆ ಚೆಂಡೆಸೆಯುವವನಾಗಿದ್ದರೆ ಕೇಳುತ್ತಿರಲಿಲ್ಲ, ಅವಳು ಗಲ್ಲಾದ ಚಿಲ್ಲರೆ ಎಣಿಸುತ್ತಾಳೆ, ಚರ್ರ್, ಮೇಷ್ಟ್ರ ಮುಖ ಗಂಟಿಕ್ಕಿದೆ, ನಿದ್ದೆಗೆಟ್ಟ ಕಣ್ಣು. ಮೂರು ದಿನ ಯೋಚನೆ ಮಾಡ್ದೆ ಕಣಮ್ಮ, ಆ ಕಳ್ಳ ಯಾಕೆ ಸೋತ ಅಂತ ನಂಗೇ ತಿಳೀಲಿಲ್ಲ, ನಂಗೆ, ಕೊಡು ಎರಡನೇದು, ಕಪಾಟಲ್ಲಿ ಇಲ್ವಲ್ಲ. ಗಲ್ಲಾದ ಕೆಳಗೇ ಇಟ್ಟಿದ್ದಳು, ಬಂದೇ ಬರುವವರಿಗಾಗಿ, ತೆಗೆದಳು, ಹೊದಿಕೆ ಹಾಕ್ಲಾ ಮೇಷ್ಟ್ರೇ, ಬೇಡ ಹಾಗೇ ಕೊಡು, ತಿರುಗಿ ನೋಡಬಾರದು, ನೋಡಿದಳು — ಇವಾಕುರಾನ ಕೈ, ಅರ್ಧ ಎಳೆದ ಅಂಟುಪಟ್ಟಿ, ಗಾಳಿಯಲ್ಲಿ, ಚರ್ರ್ ಎನ್ನದ ಅಂಟುಪಟ್ಟಿ, ಅರ್ಧ ಎಳೆದದ್ದು, ಹಾಗೇ