ಉಕ್ಕಿನ ಸಾರಂಗಕ್ಕೆ ಕೆಂಪು ಚುಕ್ಕೆ

ನನ್ನ ಗಂಡ ಬೆರ್ಟ್ಲ್‌ಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ಮನೆಯಲ್ಲಿ ಕೋಳಿ ಕೊಯ್ಯುವ ದಿನ ಬೆಳಿಗ್ಗೆಯೇ ಎದ್ದು ದ್ರಾವಾ ನದಿಯ ದಂಡೆಗೆ ಹೋಗಿ ಕೂರುತ್ತಾನೆ. ಇಂಥವನು ಆಯುಷ್ಯವಿಡೀ ಬೇಟೆಯ ಕೋವಿಗಳ ಮೇಲೆ ಸಾರಂಗ, ಕಾಡುಹಂದಿ, ಬೆಟ್ಟದ ಮೇಕೆ ಕೆತ್ತುತ್ತ ಬಂದಿದ್ದಾನೆ. ನಮ್ಮೂರು ಫೆರ್ಲಾಖ್‌ನಲ್ಲಿ ಬೀದಿಗೊಂದು ಕೋವಿಯ ಕಾರ್ಖಾನೆ ಇರುವುದರಿಂದ ಇದು ಯಾರಿಗೂ ವಿಚಿತ್ರವಾಗಿ ಕಂಡಿಲ್ಲ. ಮರದ ಕೆಲಸ ನನ್ನದು, ಉಕ್ಕಿನ ಮೇಲಿನ ಚಿತ್ರ ಅವನದು. ನಮಗೆ ಜಗಳ ಬಂದರೆ ಮರ ಮುಗಿದು ಉಕ್ಕು ಶುರುವಾಗುವ ಜಾಗದಲ್ಲೇ ಬರುತ್ತದೆ.

ಆ ವರ್ಷ ಕಣಿವೆಯ ಬೇಟೆಗಾರರೆಲ್ಲ ಸೇರಿ ತಮ್ಮ ಮುಖಂಡ ಒತ್ಮಾರ್ ಮೋದ್ರಿಚ್‌ಗೆ ಒಂದು ಕೋವಿ ಉಡುಗೊರೆ ಕೊಡಬೇಕೆಂದು ನಮ್ಮ ಬಳಿ ಬಂದರು. ಒತ್ಮಾರ್ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಆಗಲೂ ಯಾರ ಪಾಟಿಯಲ್ಲಿ ಏನು ತಪ್ಪಿದೆ ಅಂತ ಬಗ್ಗಿ ನೋಡುವುದೇ ಅವನ ಕೆಲಸವಾಗಿತ್ತು. ದೊಡ್ಡವನಾದ ಮೇಲೆ ಅದಕ್ಕೊಂದು ಹುದ್ದೆಯೂ ಸಿಕ್ಕಿತು. ಪ್ರತಿ ವಸಂತದಲ್ಲಿ, ಹಿಂದಿನ ವರ್ಷ ಹೊಡೆದ ಪ್ರಾಣಿಗಳ ಕೊಂಬುಗಳನ್ನೆಲ್ಲ ಹೋಟೆಲಿನ ದೊಡ್ಡ ಕೋಣೆಯ ಗೋಡೆಗೆ ನೇತುಹಾಕುತ್ತಾರೆ. ಒತ್ಮಾರ್ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ನೋಡುತ್ತಾನೆ. ಹೊಡೆಯಬಹುದಾದದ್ದನ್ನು ಹೊಡೆದಿದ್ದರೆ ಹಸಿರು ಕಾಗದದ ಚುಕ್ಕೆ ಅಂಟಿಸುತ್ತಾನೆ. ಮುಂದೆ ಒಳ್ಳೆಯ ಮರಿಗಳಿಗೆ ತಂದೆಯಾಗಬೇಕಿದ್ದ, ಪ್ರಾಯದ ಸಾರಂಗವನ್ನು ಹೊಡೆದಿದ್ದರೆ ಕೆಂಪು ಚುಕ್ಕೆ. ಕೆಂಪು ಚುಕ್ಕೆ ಬಿದ್ದವನ ಹೆಂಡತಿ ಆ ವಾರ ಬ್ರೆಡ್ ತರಲು ಪಕ್ಕದೂರಿಗೆ ಹೋಗುತ್ತಾಳೆ. ಒಮ್ಮೆ ಪಾದ್ರಿಗೂ ಹಚ್ಚಿದ್ದ. ಮುಂದಿನ ಭಾನುವಾರದ ಪ್ರವಚನ ಕ್ಷಮೆಯ ಕುರಿತಾಗಿತ್ತು, ಬಹಳ ಉದ್ದವಾಗಿತ್ತು.

ಕೋವಿ ಚೆನ್ನಾಗಿ ಬಂತು, ನಾನೇ ಹೇಳುತ್ತೇನೆ. ಅಪ್ಪ ಒಣಗಲು ಇಟ್ಟುಹೋಗಿದ್ದ ಅಕ್ರೋಟ್ ಮರದ ತುಂಡನ್ನೇ ತೆಗೆದೆ. ನಳಿಗೆಗೆ ದೀಪದ ಕಾಡಿಗೆ ಬಳಿದು ಮರದಲ್ಲಿ ಕೂರಿಸುವುದು, ಎತ್ತುವುದು, ಕಪ್ಪು ಹತ್ತಿದ ಕಡೆ ಚೂರು ಹೆರೆಯುವುದು, ಮತ್ತೆ ಕೂರಿಸುವುದು. ಮರಕ್ಕೂ ಉಕ್ಕಿಗೂ ನಡುವೆ ಕೂದಲು ತೂರದ ಹಾಗಾಗುವವರೆಗೆ ಇದೇ ಕೆಲಸ. ಗುಂಡನ್ನು ನಳಿಗೆಗೆ ದೂಡುವ ಬೋಲ್ಟನ್ನು ಎರಡೇ ಬೆರಳಲ್ಲಿ ಎಳೆದು ತಳ್ಳಿದರೆ ಸದ್ದಿಲ್ಲದೆ ಮುಚ್ಚುತ್ತಿತ್ತು. ನಮ್ಮ ಮನೆಯ ಯಾವ ಬಾಗಿಲೂ ಹಾಗೆ ಮುಚ್ಚುವುದಿಲ್ಲ. ಗುಂಡು ತುಂಬುವ ಗೂಡಿಗೆ ಅಡಿಯಲ್ಲೊಂದು ಉಕ್ಕಿನ ಮುಚ್ಚಳವಿರುತ್ತದೆ. ಅದರ ಮೇಲೆ ಬೆರ್ಟ್ಲ್ ಒಂದು ಸಾರಂಗವನ್ನು ಉಬ್ಬು ಕೆತ್ತನೆಯಲ್ಲಿ ನಿಲ್ಲಿಸಿದ. ನೆಟ್ಟನೆಯ ಬೆನ್ನು, ಎತ್ತಿದ ಕತ್ತು, ಎರಡೂ ಕೊಂಬಿನ ತುದಿಯಲ್ಲಿ ಕಿರೀಟದ ಹಾಗೆ ಕವಲುಗಳು. ಇಷ್ಟು ಚೆಂದದ್ದನ್ನು ಅವನು ಈ ಮೊದಲು ಕೆತ್ತಿರಲಿಲ್ಲ.

ಕೊಂಬಿನ ಪ್ರದರ್ಶನದ ದಿನವೇ ಉಡುಗೊರೆ ಕೊಟ್ಟರು. ಚಪ್ಪಾಳೆ ಬಿತ್ತು. ಒತ್ಮಾರ್ ಕೋವಿಯನ್ನು ಹೆಗಲಿಗಿಟ್ಟು ನೋಡಿದ, ತಲೆದೂಗಿದ. ಆಮೇಲೆ ಬುಡ ಮೇಲು ಮಾಡಿ ಮುಚ್ಚಳ ನೋಡಿದ. ಕನ್ನಡಕ ಏರಿತು.

"ಇದಕ್ಕೆ ಎಷ್ಟು ವಯಸ್ಸು?" ಅಂತ ಕೇಳಿದ.

ಬೆರ್ಟ್ಲ್ ಪೆದ್ದುಪೆದ್ದಾಗಿ, "ಹೋದ ತಿಂಗಳು ಮುಗಿಸಿದೆ," ಅಂದ.

"ಕೆತ್ತನೆಯದ್ದಲ್ಲ ಮಾರಾಯ, ಸಾರಂಗದ್ದು! ಪ್ರಾಯದ ಗಂಡು ಇದು. ಇನ್ನೂ ಸಂಸಾರ ಶುರು ಮಾಡಿಲ್ಲ. ಇದನ್ನ ಕೋವಿ ಮೇಲೆ ಹಾಕ್ಕೊಂಡು ತಿರುಗಿದ್ರೆ ಹುಡುಗರು ಏನು ಕಲೀತಾರೆ?"

ಅಷ್ಟು ಹೇಳಿ ಜೇಬಿನಿಂದ ಕೆಂಪು ಚುಕ್ಕೆ ತೆಗೆದು, ನಾಲಿಗೆಗೆ ಮುಟ್ಟಿಸಿ, ಸಾರಂಗದ ಎದೆಗೆ ಒತ್ತಿದ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ತಮಾಷೆ ಅಂತಲೇ ಎಲ್ಲರೂ ತಿಳಿದರು. ಒತ್ಮಾರ್ ಕೋವಿಯನ್ನು ಮೇಜಿನ ಮೇಲೆಯೇ ಬಿಟ್ಟು ಮನೆಗೆ ಹೋದಾಗ ನಗು ನಿಂತಿತು.

ಬೆರ್ಟ್ಲ್ ಅವತ್ತು ಕೋವಿಯನ್ನು ಮನೆಗೆ ತಂದು, ಉಳಿಗಳನ್ನೆಲ್ಲ ಎಣ್ಣೆಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟ. "ಸಾರಂಗ ಗೊತ್ತಿಲ್ಲದೋನು ಸಾರಂಗ ಕೆತ್ತಬಾರದು ಬುರ್ಗಿ," ಅಂದ. ಅಷ್ಟೇ. ವಾರಗಟ್ಟಲೆ ಕಿಟಕಿ ಪಕ್ಕ ಕೂತ. ನಾನು ಬೈದೆ, ಗೋಗರೆದೆ, ಸೂಪಿಗೆ ಉಪ್ಪು ಹಾಕದೆಯೂ ನೋಡಿದೆ. ಉಪ್ಪಿಲ್ಲದ್ದು ಅವನಿಗೆ ಗೊತ್ತೇ ಆಗಲಿಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು. ಒತ್ಮಾರ್ ಆ ಕೋವಿಯನ್ನು ಒಪ್ಪಿಕೊಳ್ಳುವವರೆಗೆ ಈ ಮನುಷ್ಯ ಮತ್ತೆ ಉಳಿ ಹಿಡಿಯುವುದಿಲ್ಲ ಅನ್ನುವುದು ಖಚಿತವಾಯಿತು.

"ಉಕ್ಕಿಗೆ ಸೇರಿಸೋಕಾಗಲ್ಲ, ಆದ್ರೆ ತೆಗೀಬಹುದಲ್ವಾ?" ಅಂತ ಒಂದು ದಿನ ಕೇಳಿದೆ. "ಅದನ್ನ ಮುದುಕ ಮಾಡು."

"ಮುದಿ ಸಾರಂಗ ನಾನೆಲ್ಲಿ ನೋಡಿದೀನಿ?"

ಬೇಟೆಗಾರರನ್ನು ಕೇಳಿಕೊಂಡು ಬಂದೆ. ಬೆನ್ನು ತಗ್ಗಿರುತ್ತದೆ, ಹೊಟ್ಟೆ ಜೋತಿರುತ್ತದೆ, ಕೊಂಬಿನ ಕವಲುಗಳು ಕುಗ್ಗಿರುತ್ತವೆ ಅಂದರು. ಕತ್ತು ದಪ್ಪಗಾಗಿ ಕೆಳಗಿಳಿದಿರುತ್ತದೆ, ಗಂಟಲ ಕೆಳಗೆ ಚರ್ಮ ನೇತಾಡುತ್ತದೆ, ಮುಖ ಯಾವಾಗಲೂ ಸಿಡುಕು. ನಡೆಯುವಾಗ ಕಾಡೆಲ್ಲ ತನ್ನದೇ ಅನ್ನೋ ಗತ್ತು. ಕೇಳುತ್ತ ಕೇಳುತ್ತ ನನಗೆ ಒಳಗೊಳಗೇ ನಗು ಉಕ್ಕಿತು. ಇದನ್ನು ನಾನು ದಿನಾ ಅಂಚೆ ಕಚೇರಿ ಮುಂದೆ ಎರಡು ಕಾಲಿನ ಮೇಲೆ ನೋಡುತ್ತಿದ್ದೆನಲ್ಲ!

ಒತ್ಮಾರ್‌ಗೆ ಹೇಳಿಕಳಿಸಿದೆ: ಮುಚ್ಚಳ ಸರಿಮಾಡುತ್ತಿದ್ದೇವೆ, ಹೆಗಲಿಗೆ ಒತ್ತುವ ಮರದ ಹಿಡಿಯನ್ನೂ ಚಳಿಗಾಲದ ಕೋಟಿನ ಅಳತೆಗೆ ನೋಡಬೇಕು, ಬಾ. ತನ್ನ ಮೈಯ ಅಳತೆ ಅಂದರೆ ಅವನಿಗೆ ಪ್ರಾಣ. ಕೋಟು ಹಾಕಿಕೊಂಡೇ ಬಂದ. ಮೊದಲು ಒಣದ್ರಾಕ್ಷಿಯ ರೈಂಡ್ಲಿಂಗ್ ಬ್ರೆಡ್ ಸಾಕಷ್ಟು ತಿನ್ನಿಸಿದೆ, ಹೊಟ್ಟೆ ಇದ್ದ ಹಾಗೆ ಕಾಣಲಿ ಅಂತ.

"ಈಗ ಕೋಟು ತೆಗೆದು ಅಡ್ಡ ನಿಲ್ಲು ಒತ್ಮಾರ್. ಉಸಿರು ಎಳ್ಕೋಬೇಡ."

"ನಾನೆಲ್ಲಿ ಎಳ್ಕೊಂಡಿದೀನಿ?"

"ಎಳ್ಕೊಂಡಿದೀಯ ಕಣೋ, ಬಿಡು. ಕೋವಿಗೆ ಸುಳ್ಳು ಅಳತೆ ಕೊಡಬಾರದು."

ಬಿಟ್ಟ. ಹೊಟ್ಟೆ ಕೆಳಗಿಳಿಯಿತು, ಬೆನ್ನು ತಗ್ಗಿತು, ದಪ್ಪ ಮೀಸೆ ಜೋತುಬಿತ್ತು, ಗಂಟಲಿನ ಚರ್ಮ ಕಾಲರಿನ ಮೇಲೆ ಬಂದು ಕೂತಿತು. ಹಿಂದೆ ಮರದ ತುಂಡುಗಳ ರಾಶಿಯ ಮರೆಯಲ್ಲಿ ಬೆರ್ಟ್ಲ್ ಪೆನ್ಸಿಲ್ ಓಡಿಸುತ್ತಿದ್ದ. ನಾನು ಅಳತೆ ಪಟ್ಟಿ ಹಿಡಿದು, ಬೇಕಿಲ್ಲದ ಕಡೆಯೆಲ್ಲ ಅಳೆದೆ.

"ಕಿವಿ ಯಾಕೆ ಅಳೀತಿದೀಯ?" ಅಂತ ಒತ್ಮಾರ್ ಗುರುಗುಟ್ಟಿದ.

"ಟೋಪಿಗೆ," ಅಂದೆ. ಒಪ್ಪಿಕೊಂಡ. ಅಷ್ಟು ವರ್ಷ ಎಲ್ಲರ ತಪ್ಪು ಹಿಡಿದವನಿಗೆ ತನ್ನ ವಿಷಯದಲ್ಲಿ ಮಾತ್ರ ಏನು ಹೇಳಿದರೂ ನಂಬಿಕೆ.

ಅವತ್ತು ಸಂಜೆ ಬೆರ್ಟ್ಲ್ ಕಪಾಟು ತೆರೆದ. "ಇದೊಂದು ಮಾಡ್ತೀನಿ. ಅವನು ಬೇಡ ಅಂದ್ರೆ ಮುಗೀತು," ಅಂದ. ಕೊಂಬಿನ ಕಿರೀಟವನ್ನು ಒಂದೊಂದೇ ಕವಲಾಗಿ ಕಡಿದ. ಬೆನ್ನನ್ನು ಹೆರೆದು ತಗ್ಗಿಸಿದ. ಬೆನ್ನು ತಗ್ಗಿದ ಕೂಡಲೇ ಹೊಟ್ಟೆಯನ್ನು ಮುಟ್ಟದೆಯೇ ಅದು ಜೋತುಬಿತ್ತು. ಕಣ್ಣಿನ ಮೇಲೆ ಒಂದು ಸುಕ್ಕು ಹಾಕಿದ. ನಾನು ಭೂತಗನ್ನಡಿಯಲ್ಲಿ ನೋಡಿ ಕೂಗಿಕೊಂಡೆ. ನಾಲ್ಕು ಕಾಲಿನ ಮೇಲೆ ಸಾಕ್ಷಾತ್ ಒತ್ಮಾರ್ ನಿಂತಿದ್ದ, ಯಾರದೋ ಪಾಟಿಯೊಳಗೆ ಬಗ್ಗಿ ನೋಡುತ್ತಿರುವ ಹಾಗೆ.

ಶರತ್ಕಾಲದ ಬೇಟೆಯ ಊಟಕ್ಕೆ ಕೋವಿ ಒಯ್ದೆವು. ಮೇಜಿನಿಂದ ಮೇಜಿಗೆ ಕೈ ಬದಲಾಯಿತು. ನೋಡಿದವರು ಒಬ್ಬೊಬ್ಬರಾಗಿ ಕೆಮ್ಮತೊಡಗಿದರು. ಪಾದ್ರಿ ಬಿಯರ್ ಲೋಟದೊಳಗೆ ಮುಖ ಹುದುಗಿಸಿದರು. ಒತ್ಮಾರನ ಹೆಂಡತಿ ಹೆಡ್ವಿಗ್ ಒಮ್ಮೆ ಮುಚ್ಚಳ, ಒಮ್ಮೆ ಗಂಡನ ಮುಖ ನೋಡಿ, ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಕೊನೆಗೆ ಒತ್ಮಾರ್ ಕೈಗೆ ಬಂತು. ಪ್ರದರ್ಶನದಲ್ಲಿ ಹೇಳುವ ಹಾಗೆಯೇ ಗಟ್ಟಿಯಾಗಿ ಹೇಳತೊಡಗಿದ.

"ಬೆನ್ನು ಹೋಗಿದೆ. ಹೊಟ್ಟೆ ಇಳಿದಿದೆ. ಕೊಂಬು ವರ್ಷ ವರ್ಷ ಕುಗ್ತಾ ಬಂದಿದೆ. ಮುಖ ನೋಡಿ, ಎಳೆಯರನ್ನ ಹೆದರಿಸೋದು ಬಿಟ್ರೆ ಇದರಿಂದ ಇನ್ನೇನೂ ಉಪಯೋಗ ಇಲ್ಲ. ಭೇಷ್ ಬೆರ್ಟ್ಲ್! ಇದನ್ನ ಹೋದ ವರ್ಷವೇ ಹೊಡೀಬೇಕಿತ್ತು!"

ಕೋಣೆ ನಗುವಿನಿಂದ ಸಿಡಿಯಿತು. ಯಾರೋ ಬೆಂಚಿನಿಂದ ಬಿದ್ದರು. ಒತ್ಮಾರ್ ಸುತ್ತ ನೋಡಿದ, ಮತ್ತೆ ಮುಚ್ಚಳ ನೋಡಿದ. ಬೆರ್ಟ್ಲ್‌ಗೆ ಸುಳ್ಳು ಹೇಳಲು ಬರುವುದಿಲ್ಲ, ಸುಮ್ಮನಿರಲೂ ಬರುವುದಿಲ್ಲ. ಬಿಳಿಚಿಕೊಂಡು, "ಕ್ಷಮಿಸು ಒತ್ಮಾರ್. ನಿನ್ನ ಮೀಸೆ ಮಾತ್ರ ಕೆತ್ತಿಲ್ಲ," ಅಂದ.

ಸದ್ದು ಅಡಗಿತು. ಒತ್ಮಾರನ ಕೈ ಮೆಲ್ಲಗೆ ತನ್ನದೇ ಗಂಟಲಿಗೆ ಹೋಗಿ, ಅಲ್ಲಿದ್ದ ಚರ್ಮವನ್ನು ಮುಟ್ಟಿ ನೋಡಿತು. ಹೆಬ್ಬೆರಳು ಸಾರಂಗದ ತಗ್ಗಿದ ಬೆನ್ನಿನ ಮೇಲೆ ಓಡಾಡಿತು. ಅಷ್ಟು ದಿನ ಅವನನ್ನು ದ್ವೇಷಿಸುತ್ತಿದ್ದ ನನಗೆ ಥಟ್ಟನೆ ಅವನ ಮೇಲೆ ಮರುಕ ಉಕ್ಕಿತು. ಬೆರ್ಟ್ಲ್ ಮೇಜಿನ ಕೆಳಗೆ ನನ್ನ ಕೈ ಹಿಡಿದಿದ್ದ, ಅವನ ಬೆರಳು ತಣ್ಣಗಿತ್ತು.

"ನಿಯಮದ ಪ್ರಕಾರ ಹೊಡೀಬಹುದು," ಅಂತ ಒತ್ಮಾರ್ ಕೊನೆಗೆ ಹೇಳಿದ. "ಆದ್ರೆ ನಾನು ಮುಖಂಡ ಆಗಿರೋವರೆಗೂ ಇವನನ್ನ ಹೊಡೆಯೋಕೆ ಯಾರಿಗೂ ಅನುಮತಿ ಕೊಡಲ್ಲ."

"ನನಗೂ ಕೊಡಲ್ವಾ?" ಅಂದಳು ಹೆಡ್ವಿಗ್.

ಮೊದಲು ನಕ್ಕವನು ಒತ್ಮಾರನೇ. ಹೊಟ್ಟೆ ಕುಣಿಸಿ, ಕಣ್ಣೊರೆಸಿಕೊಂಡು ನಕ್ಕ. ಹಾಗೆ ನಗುತ್ತಲೇ ಕೋವಿಯ ಪಟ್ಟಿಯನ್ನು ಹೆಗಲಿಗೇರಿಸಿ, ಇಳಿಸದೆಯೇ ಊಟಕ್ಕೆ ಕೂತ. ಬೆರ್ಟ್ಲ್ ನನ್ನ ಕೈ ಬಿಟ್ಟು ಸೂಪಿನ ತಟ್ಟೆ ಎಳೆದುಕೊಂಡ. ಒಂದು ಚಮಚ ಕುಡಿದು, ಮುಖ ಕಿವುಚಿ, "ಉಪ್ಪು ಕೊಡೇ ಬುರ್ಗಿ, ಇದರಲ್ಲಿ ಉಪ್ಪೇ ಇಲ್ಲ," ಅಂದ. ಉಪ್ಪಿನ ಡಬ್ಬಿ ಕೊಡುವಾಗ ನನಗೆ ಅಳು ತಡೆಯಲಾಗಲಿಲ್ಲ.